ಸಾಕಮ್ಮನ ಮುಖ

ಮೊನ್ನೆ ಬೆಳಿಗ್ಗೆ ಸೊಸೆ ಒಂದು ಚೀಲ ಅವರೆಕಾಯಿ ತಂದು ಊಟದ ಮೇಜಿನ ಮೇಲೆ ಸುರಿದಳು. ಇಬ್ಬನಿ ಕುಡಿದ ಕಾಯಿ. ಸಿಪ್ಪೆಯ ಜಿಗುಟಿನಿಂದ ಏಳುವ ಆ ಸೊಗಡು ಒಂದು ಗಳಿಗೆಯಲ್ಲಿ ಮನೆಯೆಲ್ಲ ಹರಡಿತು.

"ಅತ್ತೆ, ಸಖತ್ತಾಗಿದೆ ಕಾಯಿ. ಟಿ.ವಿ. ನೋಡ್ತಾ ಸುಲಿದುಕೊಡ್ತೀರಾ?" ಎಂದಳು.

"ಬೆರಳು ನೋವು ಕಣೆ," ಎಂದೆ. ಸುಳ್ಳು. ಕುಮಾರಸ್ವಾಮಿ ಲೇಔಟಿನ ಈ ಮನೆಗೆ ಬಂದಾಗಿನಿಂದ ಪ್ರತಿ ಚಳಿಗಾಲವೂ ಇಂಥದ್ದೇ ಯಾವುದಾದರೊಂದು ನೆಪ ಹೇಳುತ್ತ ಬಂದಿದ್ದೇನೆ. ಸಾರು ಉಣ್ಣುತ್ತೇನೆ, ಉಪ್ಪಿಟ್ಟು ತಿನ್ನುತ್ತೇನೆ. ಸುಲಿಯಲು ಮಾತ್ರ ಕೂರಲಾರೆ. ಕೈಗೆ ಆ ವಾಸನೆ ಹತ್ತಿದರೆ ಅದು ನನ್ನ ಕೈಯದಲ್ಲ, ಇನ್ನೊಬ್ಬರದು ಎನಿಸುತ್ತದೆ. ನನ್ನ ಹದಿನೆಂಟರ ವಯಸ್ಸಿನಲ್ಲಿ ನಾಲ್ಕು ಮಧ್ಯಾಹ್ನ ನನ್ನ ಮೇಜಿನ ಪಕ್ಕ ಕೂತಿದ್ದ ಒಬ್ಬ ರೈತನ ಕೈಯ ವಾಸನೆ ಅದು.

ಐವತ್ತರ ದಶಕ ಮುಗಿದು ಅರವತ್ತು ಕಾಲಿಡುತ್ತಿದ್ದ ಚಳಿಗಾಲ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನನ್ನು ಕರೆದುಕೊಂಡು ತ್ಯಾಗರಾಜನಗರದಲ್ಲಿದ್ದ ತನ್ನ ತಮ್ಮನ ಮನೆಗೆ ಬಂದಿದ್ದಳು. ಆ ತಮ್ಮ, ಅಂದರೆ ನನ್ನ ಸೋದರಮಾವ ನಂಜುಂಡಯ್ಯ, ಫೋಟೋಗ್ರಾಫರ್. ಮದುವೆ ಮಾಡಿಕೊಂಡಿರಲಿಲ್ಲ. ಬೀದಿಗೆ ತೆರೆದ ಮುಂದಿನ ಕೋಣೆ ಸ್ಟುಡಿಯೋ, ಒಳಗಿನ ಉಗ್ರಾಣ ಡಾರ್ಕ್‌ರೂಮು, ಉಳಿದದ್ದು ನಮ್ಮ ಸಂಸಾರ. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಮಾವ ರೀಟಚಿಂಗ್ ಕಲಿಸಿದ.

ಕಿಟಕಿಯ ಪಕ್ಕ ಇಳಿಜಾರಾದ ಒಂದು ಮೇಜು. ಅದರ ನಡುವೆ ಗಾಜಿನ ನೆಗೆಟಿವ್ ಇಟ್ಟರೆ ಕೆಳಗಿನಿಂದ ಆಕಾಶದ ಬೆಳಕು ಹಾಯುವಂತೆ ಒಂದು ಕನ್ನಡಿ. ಉಪ್ಪುಕಾಗದದ ಮೇಲೆ ಉಜ್ಜಿ ಉಜ್ಜಿ ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್ಲಿನಿಂದ ನಾನು ಮುಖಗಳ ಮೇಲೆ ಚುಕ್ಕಿ ಇಡಬೇಕು. ನೆಗೆಟಿವ್‌ನಲ್ಲಿ ಕಪ್ಪಿಟ್ಟರೆ ಫೋಟೋದಲ್ಲಿ ಬೆಳಕಾಗುತ್ತದೆ. ಸಿಡುಬಿನ ಕಲೆ ಅಳಿಸುತ್ತಿದ್ದೆ, ಕಣ್ಣ ಕೆಳಗಿನ ನೆರಳು ತೆಗೆಯುತ್ತಿದ್ದೆ. ಕೆಲವು ಮನೆಯವರು ಯಾರಾದರೂ ಸತ್ತ ಮೇಲೆ, ಹೆಣ ಎತ್ತುವ ಮುಂಚೆ, ಮಾವನನ್ನು ಕರೆಸುತ್ತಿದ್ದರು. ಬದುಕಿದ್ದಾಗ ಒಂದೂ ಫೋಟೋ ತೆಗೆಸಿರುತ್ತಿರಲಿಲ್ಲ. ಆ ಫೋಟೋಗಳ ಮುಚ್ಚಿದ ರೆಪ್ಪೆಯ ಮೇಲೆ ಕಣ್ಣು ಬರೆಯುವುದು ನನ್ನ ಪಾಲಿನ ಕೆಲಸ. ಚೆನ್ನಾಗಿ ಬರೆಯುತ್ತಿದ್ದೆ. ಮನೆಯವರು ಬಂದು ನೋಡಿ, "ಹೀಗೇ ನೋಡ್ತಿದ್ರು," ಎಂದು ಅಳುತ್ತಿದ್ದರು. ನನಗೆ ಅದೊಂದು ಹೆಮ್ಮೆ. ಆ ವಯಸ್ಸಿನಲ್ಲಿ ಅದು ಹೆಮ್ಮೆಯ ಸಂಗತಿಯಾಗಿತ್ತು ಎಂದು ಹೇಳಲು ಈಗ ನಾಚಿಕೆ.

ಮಾವನಿಗೆ ಮಾತ್ರ ಮುಖಗಳ ಮೇಲೆ ಅಂಥ ಪ್ರೀತಿಯಿರಲಿಲ್ಲ. ವಾರವೆಲ್ಲ ಹೊಟ್ಟೆಗಾಗಿ ಮುಖ ತೆಗೆದು, ಭಾನುವಾರ ಬೆಳಗಾಗುತ್ತಲೇ ಮರದ ಕ್ಯಾಮೆರಾವನ್ನು ಸೈಕಲ್ಲಿಗೆ ಕಟ್ಟಿಕೊಂಡು ದಕ್ಷಿಣಕ್ಕೆ ಹೊರಡುತ್ತಿದ್ದ. ಬಂಡೆ, ಹುಣಸೆತೋಪು, ರಾಗಿ ಹೊಲ, ಕೆರೆ. ಕೊಳ್ಳುವವರು ಯಾರೂ ಇಲ್ಲ. "ಜನ ಅಲ್ಲಾಡಿಬಿಡ್ತಾರೆ ವಿಶಾಲು. ನೆಲ ಹೇಳಿದ ಹಾಗೆ ನಿಂತ್ಕೊಳ್ಳುತ್ತೆ," ಎನ್ನುತ್ತಿದ್ದ. ಆದರೆ ಆ ವರ್ಷಗಳಲ್ಲಿ ನೆಲವೂ ನಿಲ್ಲುತ್ತಿರಲಿಲ್ಲ. ಜಯನಗರದ ಬ್ಲಾಕುಗಳು ಒಂದೊಂದಾಗಿ ಏಳುತ್ತಿದ್ದವು. ಹಿಂದಿನ ವರ್ಷ ಹುರುಳಿ ಇದ್ದ ಕಡೆ ನಂಬರು ಕೆತ್ತಿದ ಗಡಿಕಲ್ಲು ನೆಟ್ಟಿರುತ್ತಿದ್ದರು. ಮಾವನ ಸೈಕಲ್ಲು ಪ್ರತಿ ವರ್ಷ ಇನ್ನೊಂದು ಮೈಲಿ ಮುಂದೆ ಹೋಗಬೇಕಾಗುತ್ತಿತ್ತು.

ಕಾರ್ತಿಕ ಮುಗಿದಿತ್ತು. ಒಂದು ಬೆಳಿಗ್ಗೆ, ಹೆಗಲ ಮೇಲೆ ಅವರೆಕಾಯಿಯ ಚೀಲ ಹೊತ್ತ ಒಬ್ಬಾತ ಸ್ಟುಡಿಯೋ ಬಾಗಿಲಲ್ಲಿ ಬಂದು ನಿಂತ. ಮೂವತ್ತು ಮೂವತ್ತೈದರ ಗಟ್ಟಿ ಆಳು. ಚೀಲ ಇಳಿಸಿದ, ಒಳಗೆ ಬರಲಿಲ್ಲ.

"ಸ್ವಾಮಿ, ತಲೆ ಮ್ಯಾಲೆ ಕರೀ ಬಟ್ಟೆ ಹಾಕ್ಕೊಂಡು ನಮ್ಮೂರ ಕೆರೆ ಏರಿ ಮ್ಯಾಲೆ ನಿಂತಿದ್ದೋರು ನೀವೇ ಅಲ್ವ್ರಾ?"

"ಯಾವೂರಪ್ಪಾ?" ಎಂದ ಮಾವ.

"ಚಿಕ್ಕಲಸಂದ್ರ. ನಾಕು ವರ್ಸದ ಹಿಂದ್ಲ ಮಾತು."

ಹೆಸರು ಮುನಿವೆಂಕಟಪ್ಪ. ಊರಾಚೆಯ ಕೆರೆಯ ಕೆಳಗೆ ಅವನ ಹೊಲ. ಅವನು ಹೇಳಿದ್ದಿಷ್ಟು. ಮಾವ ಅಲ್ಲಿಗೆ ಹೋಗಿದ್ದ ದಿನ ಅವನ ಹೆಂಡತಿ ಸಾಕಮ್ಮ ಏರಿಯ ಮೇಲೆ ಹೋಗುತ್ತಿದ್ದಳಂತೆ. ಮನೆಗೆ ಬಂದು ನಕ್ಕು ನಕ್ಕು ಹೇಳಿದಳಂತೆ, ಒಬ್ಬ ಮುಸುಕು ಹಾಕಿಕೊಂಡು ಕೆರೆ ನೋಡುತ್ತಿದ್ದ, ನನ್ನನ್ನೂ ಪೆಟ್ಟಿಗೆಯಲ್ಲಿ ಹಿಡಿದುಕೊಂಡ ಅಂತ ಕಾಣುತ್ತೆ, ಎಂದು. ಅದಾದ ಕೆಲವು ತಿಂಗಳಿಗೆ ವಿಷಮಶೀತ ಜ್ವರ ಬಂದು ಹೋಗಿಬಿಟ್ಟಳು. ಮಗಳು ಲಚ್ಚಿಗೆ ಆಗ ಎಂಟು ತಿಂಗಳು.

"ಈಗ ಮಗೀಗೆ ನಾಕು ತುಂಬ್ತು. ಬಾವಿತಾವ ನೀರಿಗೆ ಬರೋ ಹೆಂಗಸರನ್ನೆಲ್ಲ ನಿಲ್ಲಿಸಿ, ನಮ್ಮವ್ವ ನಿನ್ನಂಗಿದ್ಲಾ, ನಿನ್ನಂಗಿದ್ಲಾ ಅಂತ ಕೇಳ್ತದೆ. ಕೆಲವ್ರು ನಗ್ತಾರೆ. ಕೆಲವ್ರು ಬೈತಾರೆ." ಅವನು ತಲೆ ತಗ್ಗಿಸಿಕೊಂಡ. "ಅವಳು ನಿಮ್ಮ ಪೆಟ್ಟಿಗೇಲಿ ಇದ್ರೆ ಕೊಟ್ಬಿಡಿ ಸ್ವಾಮಿ."

ಅವಳು ಅಲ್ಲಿಯೇ ಕೂತಿದ್ದಾಳೆ, ಕೇಳಿದರೆ ಕಳಿಸಿಕೊಡುತ್ತೇವೆ ಎನ್ನುವ ಹಾಗಿತ್ತು ಆ ಮಾತು.

ಮಾವ ತನ್ನ ಭಾನುವಾರದ ಗಾಜಿನ ನೆಗೆಟಿವ್ ಪ್ಲೇಟುಗಳನ್ನು ಒಂದೊಂದೇ ಲಕೋಟೆಯಲ್ಲಿಟ್ಟು ಊರ ಹೆಸರು ಬರೆದಿಡುತ್ತಿದ್ದ. ಮೂರು ದಿನ ಹುಡುಕಿದೆವು. ಸಿಕ್ಕಿತು. ಚಳಿಗಾಲದ ಬೆಳಗು, ಕೆರೆಯ ಮೇಲೆ ಮಂಜು, ಆಚೆ ದಡದ ಮರಗಳು ಹೊಗೆಯ ಹಾಗೆ. ಏರಿಯ ಮೇಲೆ ಮೂವರು ಹೆಂಗಸರು. ಇಬ್ಬರು ನಡೆಯುತ್ತಿದ್ದರು, ಮಂಜಿನಲ್ಲಿ ಗೀರಿದ ಹಾಗೆ ಅಳಿಸಿಹೋಗಿದ್ದರು. ನಡುವಿನವಳು ಸೊಂಟದ ಮೇಲೆ ಬುಟ್ಟಿಯಿಟ್ಟುಕೊಂಡು ಕ್ಯಾಮೆರಾದ ಕಡೆ ತಿರುಗಿ ನಿಂತಿದ್ದಳು. ಇಡೀ ಆಳು ಒಂದು ಭತ್ತದ ಕಾಳಿನಷ್ಟು.

ಮಾವ ಆ ಕಾಳನ್ನು ಹಿಗ್ಗಿಸಿ ಹಿಗ್ಗಿಸಿ ದೊಡ್ಡ ಕಾಗದಕ್ಕೆ ಇಳಿಸಿದ. ಸೀರೆ ಬಂತು, ತೋಳು ಬಂತು, ಬುಟ್ಟಿ ಬಂತು. ಮುಖದ ಜಾಗದಲ್ಲಿ ಬೂದಿ ಬಳಿದಂಥ ಮಬ್ಬು. ಮೈ ಅಲ್ಲಾಡದೆ ನಿಂತಿದ್ದವಳು ತಲೆ ಮಾತ್ರ ಅಲ್ಲಾಡಿಸಿದ್ದಳು.

ಮುನಿವೆಂಕಟಪ್ಪ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಇವಳೇ," ಎಂದ. ಆಮೇಲೆ, "ನಿಲ್ಲೋದು ಹಿಂಗೇ. ಬುಟ್ಟಿ ಹಿಡಿಯೋದು ಹಿಂಗೇ," ಎಂದ. ಕೊನೆಗೆ, "ಮಖ ಒಂದು ಇಲ್ವಲ್ಲ," ಎಂದ.

ಮಾವ ನನ್ನ ಕಡೆ ನೋಡಿದ. ನಾನೇ ಬಾಯಿಬಿಟ್ಟೆ. "ನೀವು ಹೇಳ್ತಾ ಹೋಗಿ. ನಾನು ಬರೀತೀನಿ," ಎಂದೆ. ಯಾರೂ ನನ್ನನ್ನು ಒತ್ತಾಯ ಮಾಡಲಿಲ್ಲ. ಇದನ್ನು ನಾನು ಮರೆಯಬಾರದು.

ನಾಲ್ಕು ಮಧ್ಯಾಹ್ನ ಅವನು ಬಂದ. ಗಾಂಧಿಬಜಾರಿನಲ್ಲಿ ಕಾಯಿ ಮಾರಿ ನೇರ ಇಲ್ಲಿಗೆ. ಮೇಜಿನ ಪಕ್ಕ ಸ್ಟೂಲಿನ ತುದಿಯಲ್ಲಿ ಕೂರುತ್ತಿದ್ದ.

"ಮೂಗು ಹೆಂಗಿತ್ತು?"

"ಮೂಗು... ಮೂಗಿನಂಗೇ ಇತ್ತು ಅಮ್ಮಣ್ಣಿ. ಮೂಗುಬಟ್ಟಿತ್ತು."

"ಕಣ್ಣು? ದೊಡ್ಡದಾ, ಸಣ್ಣದಾ?"

ಅವನು ತನ್ನ ಅಂಗೈ ನೋಡಿಕೊಂಡ. "ಅವಳು ನನ್ನ ನೋಡೋಳು. ನಾನು ಅಷ್ಟಾಗಿ ತಿರುಗಿ ನೋಡ್ತಿರ್ನಿಲ್ಲ. ಹೊಲದ ಕೆಲ್ಸ ನೋಡಿ, ಅವಳು ಮುಂದೆ, ನಾನು ಹಿಂದೆ. ಹಿಂದ್ಲಿಂದಾದ್ರೆ ಸಾವ್ರ ಜನದಾಗೆ ಗುರುತು ಹಿಡೀತೀನಿ." ತನ್ನ ಕೆನ್ನೆ ಮುಟ್ಟಿಕೊಂಡು, "ಎಡಗೆನ್ನೆ ಮ್ಯಾಲೆ ಒಂದು ಮಚ್ಚೆ. ಅದು ಮಾತ್ರ ಗ್ಯಾರಂಟಿ," ಎಂದ.

ಆರು ವರ್ಷ ಸಂಸಾರ ಮಾಡಿದವನಿಗೆ ಅಷ್ಟೇ ಗೊತ್ತಿತ್ತು. ಈ ಸಲ ಕೆಲಸ ನೆಗೆಟಿವ್‌ನಲ್ಲಲ್ಲ, ಹಿಗ್ಗಿಸಿದ ಕಾಗದದ ಮೇಲೆ; ನೀರುಬಣ್ಣದ ಸಣ್ಣ ಕುಂಚದಿಂದ ಮಚ್ಚೆ ಇಟ್ಟೆ. ಮಚ್ಚೆಯ ಸುತ್ತ ಕೆನ್ನೆ ಬೇಕಾಯಿತು. ಕೆನ್ನೆಯ ಮೇಲೆ ಬೆಳಗಿನ ಬಿಸಿಲು ಎಲ್ಲಿ ಬೀಳುತ್ತದೆ, ತುಟಿಯ ಕೆಳಗೆ ನೆರಳು ಎಷ್ಟಿರುತ್ತದೆ ಎಂದು ತಿಳಿಯಲು ಒಂದು ಕೈಗನ್ನಡಿ ತಂದು ಎದುರಿಗಿಟ್ಟುಕೊಂಡೆ. ನೆರಳಿಗಾಗಿ ಮಾತ್ರ ಎಂದುಕೊಂಡೆ. ಒಮ್ಮೆ ಕನ್ನಡಿ, ಒಮ್ಮೆ ಕಾಗದ. ಅವನು ಪಕ್ಕದಲ್ಲಿ ಕೂತು ಉಸಿರು ಬಿಗಿಹಿಡಿದು ನೋಡುತ್ತಿದ್ದ. ಅವನ ಕೈಯ ಅವರೆಯ ಘಾಟಿಗೆ ನನಗೆ ಒಮ್ಮೊಮ್ಮೆ ತಲೆ ಸುತ್ತುತ್ತಿತ್ತು. ನಾಲ್ಕನೆಯ ಮಧ್ಯಾಹ್ನ ಮಬ್ಬಿನೊಳಗಿನಿಂದ ಒಂದು ಹೆಂಗಸು ಮೂಡಿ ನಮ್ಮಿಬ್ಬರನ್ನೂ ನೋಡತೊಡಗಿದಳು. ಬದುಕಿದ್ದವಳ ಹಾಗಿದ್ದಳು. ನಾನು ಮಾಡಿದ್ದರಲ್ಲೆಲ್ಲ ಅದೇ ಚೆಂದದ ಕೆಲಸ.

ಅವನು ಕೈಮುಗಿದ. ಅದು ನನಗೋ ಅವಳಿಗೋ ಗೊತ್ತಾಗಲಿಲ್ಲ. ಮಾವ ಫೋಟೋವನ್ನು ದಿಟ್ಟಿಸಿ ನೋಡಿ, ಏನೋ ಹೇಳಲು ಹೊರಟು, "ಕಟ್ಟು ಹಾಕಿಸಿ ಕೊಟ್ಬಿಡೋಣ," ಎಂದಷ್ಟೇ ಹೇಳಿದ. ತಿದ್ದಿದ ಆ ಚಿತ್ರದ ಇನ್ನೊಂದು ಪ್ರತಿಯನ್ನು ಮಾಡಿ ಇಟ್ಟುಕೊಂಡೆವು.

ಸಂಕ್ರಾಂತಿಯ ಹೊತ್ತಿಗೆ ತುಮಕೂರಿನ ಕಡೆಯ ಒಂದು ಸಂಬಂಧ ಬಂತು. ಹುಡುಗ ಗುಮಾಸ್ತೆ, ಮನೆತನ ಒಳ್ಳೆಯದು. ಹುಡುಗಿಯ ಫೋಟೋ ಕಳಿಸಿ ಎಂದಿದ್ದರು. ಮಾವ ನನ್ನನ್ನು ಕೂರಿಸಿ ತೆಗೆದು, ತೊಳೆದು, ಹಗ್ಗಕ್ಕೆ ಒಣಗಹಾಕಿದ. ಪಕ್ಕದಲ್ಲಿ ಸಾಕಮ್ಮನ ಪ್ರತಿಯೂ ನೇತಾಡುತ್ತಿತ್ತು. ಅಮ್ಮ ಕಾಫಿ ತಂದವಳು ಎರಡನ್ನೂ ನೋಡಿ ಕೇಳಿದಳು:

"ಯಾಕೆ ವಿಶಾಲು, ಎರಡು ಥರ ಸೀರೆ ಉಟ್ಟು ತೆಗೆಸಿದ್ದೀಯಾ? ಇದ್ಯಾವುದು ಹಳ್ಳಿ ಸೀರೆ? ಇದೇನು ಮಚ್ಚೆ?"

ಮಾವ ಕತ್ತಲಕೋಣೆಯ ಬಾಗಿಲಲ್ಲೇ ನಿಂತುಬಿಟ್ಟ. ನನಗೆ ಆಗ ಕಂಡಿತು. ಅಥವಾ ಮೊದಲೇ ಕಂಡಿದ್ದನ್ನು ಒಪ್ಪಿಕೊಳ್ಳಲೇಬೇಕಾಯಿತು. ಹುಬ್ಬು ನನ್ನದು, ಗಲ್ಲ ನನ್ನದು, ಒಂದು ಕಣ್ಣು ಸ್ವಲ್ಪ ಚಿಕ್ಕದಿರುವುದು ನನ್ನದು. ವಿಷಯ ಬಿಡಿಸಿ ಹೇಳಿದಾಗ ಅಮ್ಮ ಲೋಟ ಕೆಳಗಿಟ್ಟು ತಮ್ಮನ ಮೇಲೆ ಹರಿಹಾಯ್ದಳು.

"ಮದುವೆ ಆಗಬೇಕಾದ ಹುಡುಗಿ ಕಣೋ ಅವಳು! ಯಾರದೋ ಮನೆ ಗೋಡೆ ಮೇಲೆ ಅವಳ ಮುಖಕ್ಕೆ ಹಾರ ಹಾಕಿಸಿಬಿಟ್ಯಲ್ಲ! ಸತ್ತೋರ ಪೂಜೆ ಆಗ್ತಿದೆಯಲ್ಲೋ ಬದುಕಿರೋಳಿಗೆ! ನಾಳೆನೇ ಹೋಗಿ ತಂದುಬಿಡು."

ಮಾರನೆಯ ದಿನ ಮಾವನ ಜೊತೆ ನಾನೂ ಹೋದೆ. ಬನಶಂಕರಿ ಗುಡಿ ದಾಟಿದ ಮೇಲೆ ಸೈಕಲ್ಲು ತಳ್ಳಿಕೊಂಡು ನಡೆದೆವು. ರಾಗಿ ಕೊಯ್ದ ಹೊಲಗಳಲ್ಲಿ ಕೂಳೆ, ಅಲ್ಲಲ್ಲಿ ಹೊಸ ಗಡಿಕಲ್ಲು. ದಾರಿಯಲ್ಲಿ ಮಾವ, "ನನಗೆ ಅವತ್ತೇ ಗೊತ್ತಾಗಿತ್ತು ಕಣೆ. ಅವನ ಮುಖ ನೋಡಿ ಸುಮ್ಮನಾದೆ," ಎಂದ.

ಹೆಂಚಿನ ಮನೆ, ಸಾರಿಸಿದ ನೆಲ. ಬಾಗಿಲಿಗೆ ಎದುರಾದ ಗೋಡೆಯ ಮೇಲೆ ನಾನಿದ್ದೆ. ಚೆಂಡುಹೂವಿನ ಹಾರ, ಗಾಜಿನ ಮೇಲೆ ಹಣೆಯ ಜಾಗಕ್ಕೆ ಕುಂಕುಮ, ಕೆಳಗೆ ಉರಿದು ಮುಗಿದ ಊದಿನಕಡ್ಡಿಯ ಬೂದಿ. ನನ್ನ ಕಾಲು ಹೊಸಿಲಲ್ಲೇ ನಿಂತಿತು. ಸತ್ತ ಮೇಲೆ ಮನೆಗೆ ಬಂದು ನೋಡಿದರೆ ಹೀಗೇ ಇರುತ್ತದೇನೋ ಎನಿಸಿತು.

ಒಂದು ಹುಡುಗಿ ನೆಲದ ಮೇಲೆ ಕೂತು ಹುಣಸೆಬೀಜ ಆಡುತ್ತಿತ್ತು. ತಲೆಯೆತ್ತಿ ನನ್ನನ್ನು ನೋಡಿತು. ಗೋಡೆ ನೋಡಿತು. ಮತ್ತೆ ನನ್ನನ್ನು ನೋಡಿ, ಒಳಗಿದ್ದ ಅಪ್ಪನಿಗೆ ಕೂಗಿ ಹೇಳಿತು:

"ಅಪ್ಪಾ, ಅವ್ವ ಬಂದವ್ಳೆ."

ಪಕ್ಕದ ಮನೆಗೆ ಹೋಗಿದ್ದವಳು ಹಿಂದಿರುಗಿದಳು ಎನ್ನುವಷ್ಟು ಸಲೀಸಾಗಿ ಹೇಳಿತು.

ನಾನು ಅವಳ ಎದುರು ಕೂತೆ. "ಇಲ್ಲ ಪುಟ್ಟಾ. ನಾನು ನಿಮ್ಮವ್ವ ಅಲ್ಲ. ಅಲ್ಲಿ ಗೋಡೆ ಮೇಲೆ ಇರೋದು ನನ್ನ ಮುಖ. ತಪ್ಪಾಗಿ ಬರೆದುಬಿಟ್ಟೆ."

ಲಚ್ಚಿ ಯೋಚಿಸಿದಳು. "ಹಂಗಾದ್ರೆ ನೀನು ಸತ್ತಿಲ್ವಾ?"

"ಇಲ್ಲ."

"ಮತ್ಯಾಕೆ ಇಷ್ಟ್ ದಿನ ಮನೇಗೆ ಬರ್ನಿಲ್ಲ?"

ಮುನಿವೆಂಕಟಪ್ಪ ಒಳಗಿನಿಂದ ಬಂದು ಕಂಬಕ್ಕೆ ಒರಗಿ ನಿಂತ. ಮಾವ ಫೋಟೋ ವಾಪಸು ಬೇಕೆಂದು ಹೇಗೆ ಹೇಳುವುದೆಂದು ತಡವರಿಸುತ್ತಿದ್ದಾಗ ಅವನೇ ಶುರುಮಾಡಿದ.

"ಗೊತ್ತೈತೆ ಸ್ವಾಮಿ. ಮನೇಗೆ ತಂದು ಬಿಚ್ಚಿದ ದಿನಾನೇ ಗೊತ್ತಾಯ್ತು. ಈ ಅಮ್ಮಣ್ಣಿ ಎದುರಿಗೆ ನಾಕು ದಿನ ಕೂತಿದ್ದೋನು ನಾನು. ಆದ್ರೆ ಮಗ ನೋಡಿ ನಕ್ತು. ಅವತ್ತಿಂದ ಬಾವಿತಾವ ಯಾರನ್ನೂ ಕೇಳ್ನಿಲ್ಲ. ಬಾಯಿ ಮುಚ್ಕೊಂಡೆ." ಅವನ ದನಿ ತಗ್ಗಿತು. "ಆದ್ರೆ ಒಂದು ಆಗೋಯ್ತು. ಮುಂಚೆ ಕಣ್ ಮುಚ್ಚಿದ್ರೆ ಅವಳು ಬರೋಳು. ಮಸುಕು ಮಸುಕಾಗಾದ್ರೂ ಬರೋಳು. ಈಗ ಬರಾಕಿಲ್ಲ. ತಪ್ಪು ತಿಳ್ಕಬ್ಯಾಡಿ ತಾಯಿ. ಅವಳ ಸೀರೆ ಉಟ್ಕಂಡು ನೀವು ಬರ್ತೀರಿ."

ಅವನೇ ಹಾರ ತೆಗೆದ. ಫೋಟೋ ಇಳಿಸಿ ಮಾವನ ಕೈಗಿಟ್ಟ. ಲಚ್ಚಿ ಅಳುತ್ತಾಳೆಂದು ನಾನು ಹೆದರಿದ್ದೆ. ಅಳಲಿಲ್ಲ. ಗೋಡೆಯ ಮೇಲಿನದು ಹೋದರೇನು, ಜೀವಂತ ಅವ್ವ ಎದುರಿಗೆ ಕೂತಿದ್ದಾಳಲ್ಲ. ಹೊರಡುವಾಗ ಸೈಕಲ್ಲಿನ ಹಿಂದೆ ಊರ ಬಾಗಿಲಿನವರೆಗೂ ಬಂದಳು.

ಮನೆಗೆ ತಂದ ಚಿತ್ರವನ್ನು ಅಮ್ಮ ಏನು ಮಾಡಬೇಕೆಂದು ತಿಳಿಯದೆ ಒದ್ದಾಡಿದಳು. ಮಗಳ ಮುಖವನ್ನು ಒಲೆಗೆ ಹಾಕುವುದಕ್ಕಾಗದು, ಮನೆಯಲ್ಲಿಡುವುದಕ್ಕೂ ಆಗದು. ಕೊನೆಗೆ ಗಾಜು ಬಿಚ್ಚಿ ಒದ್ದೆ ಬಟ್ಟೆಯಿಂದ ಉಜ್ಜಿದಳು. ನನ್ನ ಬಣ್ಣವೆಲ್ಲ ಕರಗಿ ಬಂತು, ಕೆಳಗಿನ ಮಬ್ಬು ಉಳಿಯಿತು.

ಮುಂದಿನ ಭಾನುವಾರ ಮಾವ ಆ ಕೆರೆಯ ಪ್ಲೇಟನ್ನು ಏನೂ ತಿದ್ದದೆ ಪೂರ್ತಿಯಾಗಿ, ಹಿಗ್ಗಿಸಿ, ಕಟ್ಟು ಹಾಕಿಸಿಕೊಂಡು ಹೊರಟ. ನಾನೂ ಹೋದೆ. ಅಮ್ಮನಿಗೆ ಗುಡಿಗೆ ಹೋಗುತ್ತೇನೆಂದು ಹೇಳಿದ್ದೆ. ಖಾಲಿಯಾಗಿದ್ದ ಮೊಳೆಗೆ ಕೆರೆಯನ್ನು ತೂಗುಹಾಕಿದೆವು. ಮಂಜು, ನೀರು, ಏರಿ, ಏರಿಯ ಮೇಲೆ ಕಿರುಬೆರಳ ಉಗುರಿನಷ್ಟು ಸಾಕಮ್ಮ. ಅಪ್ಪ ಮಗಳನ್ನು ಎತ್ತಿಕೊಂಡು ಬೆರಳಿಟ್ಟು ತೋರಿಸಿದ.

"ಇವಳು ಕಣವ್ವ ನಿಮ್ಮವ್ವ."

"ಮಖ ಕಾಣಾಕಿಲ್ಲ."

"ದೂರ ನಿಂತವ್ಳೆ."

"ಕರಿ ಮತ್ತೆ."

ಅವನು ಮಗಳನ್ನು ಫೋಟೋಗೆ ಇನ್ನಷ್ಟು ಹತ್ತಿರ ಹಿಡಿದ. ಲಚ್ಚಿ ಒಂದು ನಿಮಿಷ ಕಾದಳು. ಆಮೇಲೆ ತಾನೇ ಎರಡೂ ಕೈ ಬಾಯಿಯ ಸುತ್ತ ಹಿಡಿದು, ಕೆರೆಯ ಈ ದಡದಿಂದ ಆ ದಡಕ್ಕೆ ಕೂಗುವವರ ಹಾಗೆ ಕೂಗಿದಳು. "ಅವ್ವೋ...!"

ಆ ಚಿಕ್ಕ ಕೋಣೆಯಲ್ಲಿ ನಾವು ಮೂವರು ದೊಡ್ಡವರು, ಯಾರೋ ಓಗೊಡುತ್ತಾರೆಂಬ ಹಾಗೆ, ಉಸಿರಾಡದೆ ನಿಂತಿದ್ದೆವು.

ಲಚ್ಚಿ ನನ್ನ ಕಡೆ ತಿರುಗಿ ಲೆಕ್ಕ ಬಗೆಹರಿಸಿದಳು. "ಆ ಅವ್ವ ದೂರದೋಳು. ನೀನು ಮಖದೋಳು."

ಅಲ್ಲಿಂದ ಮುಂದೆ ಎರಡು ತಿಂಗಳು, ಮುನಿವೆಂಕಟಪ್ಪ ಮಾರುಕಟ್ಟೆಗೆ ಬಂದ ದಿನಗಳಲ್ಲೆಲ್ಲ ಮಗಳನ್ನು ನಮ್ಮ ಸ್ಟುಡಿಯೋದಲ್ಲಿ ಬಿಟ್ಟು ಹೋಗುತ್ತಿದ್ದ. ಅಮ್ಮ ಮೊದಮೊದಲು ಮುಖ ಗಂಟಿಕ್ಕಿದಳು, ಆಮೇಲೆ ಮೊಸರನ್ನ ಕಲಸಿಕೊಡತೊಡಗಿದಳು. ಆದರೆ ಪ್ರತಿ ಸಲವೂ, "ಅಕ್ಕ ಅನ್ನು, ಅವ್ವ ಅನ್ನಬೇಡ," ಎಂದು ತಿದ್ದುತ್ತಿದ್ದಳು. ಲಚ್ಚಿ ತಲೆಯಾಡಿಸಿ, ಅಮ್ಮ ಆಚೆ ಹೋದ ಕೂಡಲೇ ಅವ್ವ ಎನ್ನುತ್ತಿದ್ದಳು. ನನ್ನ ಮೇಜಿನ ಕೆಳಗೆ, ಕನ್ನಡಿಯ ಪಕ್ಕ ಅವಳ ಜಾಗ. ಒಮ್ಮೊಮ್ಮೆ ಎದ್ದು ಬಂದು ನನ್ನ ಕೆನ್ನೆ ತಡವಿ, "ಮಚ್ಚೆ ಎಲ್ಲೋಯ್ತು?" ಎಂದು ಕೇಳುತ್ತಿದ್ದಳು. ನಾನು ಪೆನ್ಸಿಲ್ಲಿನಿಂದ ಒಂದು ಚುಕ್ಕಿ ಇಟ್ಟುಕೊಂಡರೆ ಸಮಾಧಾನ. ಅವರು ಬರದ ದಿನ ಬೀದಿಯಲ್ಲಿ ಹೆಜ್ಜೆ ಸಪ್ಪಳವಾದರೆ ನಾನು ತಲೆಯೆತ್ತುತ್ತಿದ್ದೆ. ಅಂಥ ದಿನಗಳಲ್ಲಿ ಮುಖ ತೊಳೆದು ಕನ್ನಡಿ ನೋಡಿಕೊಂಡರೆ, ಅಲ್ಲಿ ನನ್ನ ಹಿಂದೆ ಇನ್ನೊಬ್ಬಳು ನಿಂತು ತನ್ನ ಸರದಿಗೆ ಕಾಯುತ್ತಿದ್ದಾಳೆ ಎನಿಸುತ್ತಿತ್ತು. ಯಾರಿಗೂ ಹೇಳಲಿಲ್ಲ.

ತುಮಕೂರಿನವರು ಒಪ್ಪಿದರು. ಫಾಲ್ಗುಣದಲ್ಲಿ ಮನೆಯ ಮುಂದೆಯೇ ಚಪ್ಪರ ಹಾಕಿ ಮದುವೆ. ಮಾವ ಚಿಕ್ಕಲಸಂದ್ರಕ್ಕೂ ಹೋಗಿ ಕರೆದುಬಂದಿದ್ದ. ಮುಹೂರ್ತ ಮುಗಿದ ಮೇಲೆ ಗ್ರೂಪ್ ಫೋಟೋ. ಕುರ್ಚಿಗಳ ಮೇಲೆ ಹಿರಿಯರು, ಹಿಂದೆ ನಾವಿಬ್ಬರು, ಅಕ್ಕಪಕ್ಕ ಗಂಡಿನ ಕಡೆಯವರು. ಮಾವ ಕರಿಯ ಬಟ್ಟೆಯೊಳಗಿಂದ ಹೊರಬಂದು, "ಎಲ್ಲ ಇತ್ತ ನೋಡಿ, ಅಲ್ಲಾಡಬೇಡಿ," ಎನ್ನುತ್ತಿದ್ದಾಗ ನನ್ನ ಸೆರಗನ್ನು ಯಾರೋ ಹಿಡಿದರು.

ಲಚ್ಚಿ. ಎಣ್ಣೆ ಹಚ್ಚಿ ಬಾಚಿದ ತಲೆ, ಹೊಸ ಲಂಗ. ನನ್ನ ಮಗ್ಗುಲಿಗೆ ಒತ್ತಿಕೊಂಡು, ಕ್ಯಾಮೆರಾದ ಕಡೆ ತಿರುಗಿ ನೆಟ್ಟಗೆ ನಿಂತಳು. ಅಲ್ಲಿ ನಿಲ್ಲುವುದು ತನ್ನ ಹಕ್ಕು ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಆಮೇಲೆ ತಲೆಯೆತ್ತಿ ಎಲ್ಲರಿಗೂ ಕೇಳುವಂತೆ, "ಅವ್ವಾ, ಹಿಂಗೇ ನಿಂತ್ಕಳ್ಳಾ?" ಎಂದಳು.

ಗಂಡಿನ ಸೋದರತ್ತೆ ತಿರುಗಿ ನೋಡಿದರು. "ಯಾರಮ್ಮಾ ಈ ಮಗು? ನಿನ್ನ ಅವ್ವ ಅಂತಿದೆ?"

ಮುಂದಿನ ಸಾಲಿನಲ್ಲಿದ್ದ ಅಮ್ಮ ತಿರುಗಿದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಪಕ್ಕದಲ್ಲಿದ್ದ ನನ್ನ ಗಂಡನೂ ನೋಡುತ್ತಿದ್ದ. ಕುತೂಹಲದಿಂದಷ್ಟೇ, ಕೋಪವೇನೂ ಇರಲಿಲ್ಲ. ನಾನು ಒಂದು ಮಾತಿನಲ್ಲಿ ಹೇಳಿಬಿಡಬಹುದಿತ್ತು. ನಮ್ಮ ಪರಿಚಯದವರ ಮಗು, ತಾಯಿಯಿಲ್ಲ, ನನ್ನನ್ನು ಹಚ್ಚಿಕೊಂಡಿದೆ ಎಂದರೆ ಯಾರೂ ಏನೂ ಅನ್ನುತ್ತಿರಲಿಲ್ಲ.

"ಗೊತ್ತಿಲ್ಲ," ಎಂದೆ. "ಯಾರದೋ ಮಗು."

ಸೆರಗು ಹಗುರವಾಯಿತು. ಲಚ್ಚಿ ಕೈಬಿಟ್ಟಿದ್ದಳು. ಚಪ್ಪರದ ಅಂಚಿನಿಂದ ಮುನಿವೆಂಕಟಪ್ಪ ಬಗ್ಗಿಕೊಂಡು ಓಡಿಬಂದ. "ತಪ್ಪಾಯ್ತು ಸ್ವಾಮಿ, ಮಗ ಕೈ ತಪ್ಪಿಸ್ಕಂಡು ಬಂದ್ಬಿಡ್ತು," ಎಂದು ಎಲ್ಲರಿಗೂ ಕೈಮುಗಿದ. ನನಗೂ ಮುಗಿದ, ಯಾವತ್ತೂ ಕಂಡೇ ಇರದವಳಿಗೆ ಮುಗಿಯುವ ಹಾಗೆ. ನನ್ನ ಸುಳ್ಳನ್ನು ಅವನು ಅಷ್ಟು ಮರ್ಯಾದೆಯಿಂದ ಕಾಪಾಡಿದ. ಲಚ್ಚಿ ಅಪ್ಪನ ಕೈ ಹಿಡಿದುಕೊಂಡು ನನ್ನನ್ನು ನೋಡಿದಳು.

"ನೀವು ನಿಂತ್ಕಳಿ," ಎಂದಳು. "ನಾವು ಹೋಯ್ತೀವಿ."

ಅಲ್ಲಿಯವರೆಗೆ ಅವಳು ನನ್ನನ್ನು ಒಂದು ಸಲವೂ ನೀವು ಎಂದಿರಲಿಲ್ಲ.

ಮಾವ ಅವರು ಚಪ್ಪರ ದಾಟುವವರೆಗೂ ಕಾದ. ಆಮೇಲೆ ಬಟ್ಟೆಯೊಳಗೆ ತಲೆ ಹಾಕಿದ. ಅವರು ಉಣ್ಣದೆ ಹೋದರೆಂದು ಸಂಜೆ ಗೊತ್ತಾಯಿತು.

ಮತ್ತೆ ಅವರು ಬರಲಿಲ್ಲ. ತುಮಕೂರಿನಿಂದ ನಾನು ಬರೆದ ಕಾಗದ ನೋಡಿ ಮಾವ ಎರಡು ಭಾನುವಾರ ಅತ್ತ ಹೋಗಿದ್ದ. ಮೊದಲ ಸಲ ಮನೆಗೆ ಬೀಗ. ಎರಡನೆಯ ಸಲ ಹೋಗುವಷ್ಟರಲ್ಲಿ ಕೆರೆಯ ಕೆಳಗಿನ ಹೊಲಗಳು ಬಡಾವಣೆಗೆ ಹೋಗಿದ್ದವು. ಅಪ್ಪ ಮಗಳು ಕಗ್ಗಲೀಪುರದ ಕಡೆ ಹೋದರೆಂದು ಒಬ್ಬರು, ಇಲ್ಲ ಹೊಸೂರು ರಸ್ತೆಯ ಕಡೆ ಎಂದು ಇನ್ನೊಬ್ಬರು ಹೇಳಿದರಂತೆ. ಕೆರೆಯ ಫೋಟೋ ಹೊತ್ತುಕೊಂಡು ಹೋದರೋ ಬಿಟ್ಟು ಹೋದರೋ ಕೇಳುವುದನ್ನು ಮಾವ ಮರೆತ. ನಾನು ಆಮೇಲೆ ಪೆನ್ಸಿಲ್ ಹಿಡಿಯಲಿಲ್ಲ. ತುಮಕೂರಿನಲ್ಲಿ ಅದರ ಅಗತ್ಯವೂ ಬೀಳಲಿಲ್ಲ.

ಗಂಡನಿಗೆ ಇದನ್ನೆಲ್ಲ ಹೇಳಿದ್ದು ಮಕ್ಕಳೆಲ್ಲ ದೊಡ್ಡವರಾದ ಮೇಲೆ. ಪೂರ್ತಿ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡರು. "ಅವತ್ತೇ ಹೇಳೋದಲ್ವೇನೆ. ನಾನು ಸ್ವಲ್ಪ ಆಚೆ ಸರಿದು ನಿಲ್ತಿದ್ದೆ," ಎಂದರು. ಅವರು ಅಂಥವರು ಎಂದು ಆ ಬೆಳಿಗ್ಗೆ ನನಗೆ ಗೊತ್ತಿರಲಿಲ್ಲ.

ಲಚ್ಚಿ ಈಗ ಬದುಕಿದ್ದರೆ ಎಪ್ಪತ್ತರ ಹತ್ತಿರ. ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಆ ವಯಸ್ಸಿನ ಹೆಂಗಸರನ್ನು ಕಂಡರೆ ದಿಟ್ಟಿಸುತ್ತೇನೆ. ಕೆಲವರು ಮುಜುಗರಪಟ್ಟು, "ಏನ್ ಬೇಕಿತ್ತು ಅಜ್ಜಿ?" ಎನ್ನುತ್ತಾರೆ. ಏನನ್ನು ಹುಡುಕುತ್ತಿದ್ದೇನೆಂದು ನನಗೂ ತಿಳಿಯದು. ಎಣ್ಣೆ ಹಚ್ಚಿದ ತಲೆ ನೆನಪಿದೆ, ಸೆರಗು ಹಿಡಿದ ಕೈಯ ಭಾರ ನೆನಪಿದೆ, ಆ ಕೂಗು ನೆನಪಿದೆ. ಮುಖ ಇಲ್ಲ. ಎರಡು ತಿಂಗಳು ಒಂದು ಫೋಟೋ ಸ್ಟುಡಿಯೋದಲ್ಲಿ, ಕ್ಯಾಮೆರಾದಿಂದ ನಾಲ್ಕು ಮಾರು ದೂರದಲ್ಲಿ ಆಡಿಕೊಂಡಿದ್ದ ಮಗು. ಅವಳದೊಂದು ಫೋಟೋ ತೆಗೆಯಬೇಕೆಂದು ನನಗಾಗಲಿ ಮಾವನಿಗಾಗಲಿ ಒಂದು ದಿನವೂ ತೋಚಲಿಲ್ಲ.